ಎರಡು ಕಲ್ಲುಗಳು: ಬೇಗೂರಿನ ವೀರಗಲ್ಲು ಮತ್ತು ಮಂಗಳೂರಿನ ಕಲ್ಲಚ್ಚು

೧

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು ಇಂದು ಮಹಾನಗರದೊಳಗೆ ಸೇರಿಹೋಗಿರುವ ಊರು. ಗಂಗರ ಕಾಲದ ಶಾಸನಗಳಲ್ಲಿ ಇದರ ಹೆಸರು ಬೆಂಪೂರು. ಬೆಂಪೂರು ಹನ್ನೆರಡು ಎಂಬ ಆಡಳಿತ ವಿಭಾಗಕ್ಕೆ ಇದೇ ಮುಖ್ಯ ಸ್ಥಳವಾಗಿತ್ತು. ಇಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ. ಶ. ೮೯೦ರದೆಂದು ವಿದ್ವಾಂಸರು ಎಣಿಸಿರುವ ಶಾಸನವೊಂದಿದೆ. ನಾಗತ್ತರನೆಂಬ ಅಧಿಕಾರಿಯ ಮನೆಯ ಕಡೆಯವನೊಬ್ಬನು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂಬುದೇ ಅದರ ತಾತ್ಪರ್ಯ. ಬೆಂಗಳೂರು ಎಂಬ ಹೆಸರು ಬರಹದಲ್ಲಿ ನಮಗೆ ದೊರೆತಿರುವ ಅತಿ ಪ್ರಾಚೀನ ಆಧಾರವಿದು. ಇಷ್ಟು ದೊಡ್ಡ ನಗರದ ಹೆಸರು ಮೊಟ್ಟಮೊದಲು ನಮ್ಮ ಕಿವಿಗೆ ಬೀಳುವುದು ಒಂದು ಸಾವಿನ ವಾರ್ತೆಯಲ್ಲಿ ಎಂಬುದು ಗಮನಿಸತಕ್ಕ ಸಂಗತಿ.

ಬೇಗೂರಿನ ಮತ್ತೊಂದು ಕಲ್ಲು ಬೇಗೂರಿನಲ್ಲಿಲ್ಲ. ನಾಗತ್ತರನ ಮರಣವನ್ನೇ ತಿಳಿಸುವ ಆ ವೀರಗಲ್ಲನ್ನು ಬಹುಕಾಲದ ಹಿಂದೆಯೇ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಈ ಸಂಗ್ರಹಾಲಯವು ಡಾಕ್ಟರ್ ಎಡ್ವರ್ಡ್ ಬಾಲ್ಫರ್ ಅವರ ಪ್ರಯತ್ನದಿಂದ ೧೮೬೫ರಲ್ಲಿ ಸ್ಥಾಪಿತವಾಗಿ, ೧೮೭೭ರಲ್ಲಿ ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಕೆಂಪು ಕಟ್ಟಡಕ್ಕೆ ಬಂದಿತು. ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ವಿದ್ಯಾರ್ಥಿಗಳೊಡನೆ ನಾವು ಅಲ್ಲಿಗೆ ಹೋಗಿದ್ದೆವು. ಬೇಗೂರಿನವನೇ ಆದ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ, “ಸಾರ್, ಇದನ್ನು ಆ ಕಾಲದ ಪತ್ರಿಕೆ ಎನ್ನಬಹುದೇ?” ಎಂದು ಕೇಳಿದನು. ಆಗ ನಾವು ಕೊಟ್ಟ ಉತ್ತರ ನಮಗೇ ತೃಪ್ತಿಯನ್ನು ತರಲಿಲ್ಲ. ಆ ಪ್ರಶ್ನೆಯನ್ನು ತಕ್ಕಮಟ್ಟಿಗೆ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ವೀರಗಲ್ಲು ಏನನ್ನು ಹೇಳುತ್ತದೆಂಬುದನ್ನು ನೋಡೋಣ. ನೊಳಂಬರ ಅಯ್ಯಪದೇವನಿಗೂ ವೀರಮಹೇಂದ್ರನೆಂಬವನಿಗೂ ಯುದ್ಧವೊದಗಿದಾಗ, ಗಂಗರಾಜನಾದ ಎರೆಯಪ್ಪನು ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದನು. ತುಂಬೆಪಾಡಿ ಎಂಬಲ್ಲಿ ನಡೆದ ಕಾಳಗದಲ್ಲಿ ನಾಗತ್ತರನು ಮಡಿದನು. ಅದನ್ನು ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬರಹದೊಡನೆ ಯುದ್ಧದ ಚಿತ್ರವೂ ಇದೆ. ಆನೆ ಕುದುರೆ ಕಾಲಾಳುಗಳು ಒಂದರ ಮೇಲೊಂದು ಬಿದ್ದಂತೆ ಇಕ್ಕಟ್ಟಾಗಿ ಕಲ್ಲನ್ನು ತುಂಬಿಕೊಂಡಿವೆ.

ಯಾರು, ಎಲ್ಲಿ, ಯಾರ ಕಡೆಗೆ ಹೋರಾಡಿ ಮಡಿದರು, ಅದರಿಂದ ಮುಂದೇನಾಯಿತು ಎಂಬ ಎಲ್ಲ ಪ್ರಶ್ನೆಗಳಿಗೂ ಈ ಕಲ್ಲು ಉತ್ತರ ಕೊಡುತ್ತದೆ. ಒಬ್ಬ ಒಳ್ಳೆಯ ವರದಿಗಾರನೂ ಇದಕ್ಕಿಂತ ಹೆಚ್ಚೇನನ್ನು ಬರೆದಾನು? ಆದರೂ ಇದನ್ನು ಪತ್ರಿಕೆ ಎನ್ನಲಾಗದು. ಕಾರಣಗಳು ಮೂರು. ಮೊದಲನೆಯದಾಗಿ, ಕಲ್ಲು ಇರುವುದು ಒಂದೇ ಪ್ರತಿ. ಓದುವವನು ಅದರ ಬಳಿಗೆ ಬರಬೇಕು. ಎರಡನೆಯದಾಗಿ, ಅದಕ್ಕೆ ಮುಂದಿನ ಸಂಚಿಕೆಯಿಲ್ಲ. ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳುವ ಅವಕಾಶವೂ ಇಲ್ಲ. ಮೂರನೆಯದಾಗಿ, ಅದನ್ನು ಕೆತ್ತಿಸಿದವರು ಎದುರಿಗಿರುವ ಜನರಿಗಾಗಿ ಮಾತ್ರ ಕೆತ್ತಿಸಲಿಲ್ಲ. ಸೂರ್ಯಚಂದ್ರರಿರುವವರೆಗೆ ಬರತಕ್ಕ ಸಂತತಿಯನ್ನು ಉದ್ದೇಶಿಸಿ ಕೆತ್ತಿಸಿದರು. ಪತ್ರಿಕೆಯಾದರೋ ಇಂದಿನವರಿಗಾಗಿಯೇ ಹುಟ್ಟಿ, ನಾಳೆ ಹಳತಾಗುವ ವಸ್ತು.

ಇವೆರಡಕ್ಕೂ ಸಮಾನವಾದ ಒಂದು ಲಕ್ಷಣ ಮಾತ್ರ ಉಂಟು. ಎರಡೂ ಗಡಿಯಲ್ಲಿ ಹುಟ್ಟಿದವು. ಗಂಗರ ನೊಳಂಬರ ಸೇನೆಗಳು ಓಡಾಡುತ್ತಿದ್ದ ಸೀಮೆಯಲ್ಲಿ ಬೇಗೂರಿನ ಕಲ್ಲು ನಿಂತಂತೆ, ಕನ್ನಡದ ಮೊದಲ ವೃತ್ತಪತ್ರಿಕೆಯೂ ಕನ್ನಡ ನಾಡಿನ ಅಂಚಿನಲ್ಲಿ, ಸಮುದ್ರತೀರದ ಮಂಗಳೂರಿನಲ್ಲಿ ಹುಟ್ಟಿತು. ಅದೂ ಒಂದು ಕಲ್ಲಿನ ಮೇಲೆಯೇ ಹುಟ್ಟಿತು.

೩

‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆ ಹೊರಬಂದದ್ದು ೧೮೪೩ನೆಯ ಜುಲೈ ೧ರಂದು. ಸಂಪಾದಕರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಜರ್ಮನಿಯ ವುರ್ಟೆಂಬರ್ಗಿನಲ್ಲಿ ೧೮೧೧ರಲ್ಲಿ ಜನಿಸಿದ ಇವರು ೧೮೩೬ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಪತ್ರಿಕೆ ಪಾಕ್ಷಿಕ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರಿ ನಿರೂಪಗಳು, ಸರ್ವರಾಜ್ಯ ವರ್ತಮಾನಗಳು, ಆಶ್ಚರ್ಯಕರ ಸುದ್ದಿಗಳು, ಸುಬುದ್ಧಿ, ಕಥೆ ಮೊದಲಾದ ವಿಭಾಗಗಳು ಅದರಲ್ಲಿದ್ದವು. ಕರ್ನಾಟಕದಲ್ಲಿ ಜುಲೈ ೧ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಈ ಕಾರಣದಿಂದಲೇ.

ಕನ್ನಡದ ಮೊದಲ ಪತ್ರಿಕೆ ಮೈಸೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಹುಟ್ಟದೆ ಮಂಗಳೂರಿನಲ್ಲಿ ಹುಟ್ಟಿದ್ದೇಕೆ? ಮಿಷನ್ನಿನ ಅಚ್ಚುಕೂಟ ಅಲ್ಲಿದ್ದುದರಿಂದ ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಅದು ನಿಜ, ಆದರೆ ಪೂರ್ಣವಲ್ಲ. ೧೭೯೯ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕನ್ನಡ ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಕರಾವಳಿಯ ಪ್ರದೇಶ ಕಂಪನಿ ಸರ್ಕಾರದ ವಶವಾಯಿತು. ಮಂಗಳೂರಿನ ಪೇಟೆಯಲ್ಲಿ ನಿಂತರೆ ಅಂದು ಕಿವಿಗೆ ಬೀಳುತ್ತಿದ್ದುದು ತುಳು, ಕೊಂಕಣಿ, ಬ್ಯಾರಿ ಮಾತು, ಮಲೆಯಾಳ. ಕನ್ನಡವನ್ನು ಮನೆಯ ಮಾತಾಗಿ ಆಡುವವರು ಅಲ್ಲಿ ಬಹುಸಂಖ್ಯಾತರಾಗಿರಲಿಲ್ಲ. ಆದರೂ ಕಚೇರಿಯಲ್ಲಿ ಅರ್ಜಿ ಬರೆಯುವುದು, ಮಠದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವುದು ಕನ್ನಡದಲ್ಲಿಯೇ. ಮನೆಯಲ್ಲಿ ಬೇರೆಬೇರೆ ಮಾತನಾಡುವ ಜನರಿಗೆ ಓದಲು ಒಂದೇ ಭಾಷೆ ಇತ್ತು. ಎಲ್ಲರೂ ಒಂದೇ ಮಾತನಾಡುವ ಊರಿನಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗಿಬಿಡುತ್ತದೆ. ಹಲವು ಮಾತುಗಳು ಸಂಧಿಸುವ ಬಂದರಿನಲ್ಲಿ ಅದು ಮಾತಿನಿಂದ ಮಾತಿಗೆ ದಾಟುವಾಗ ರೂಪಗೆಡುತ್ತದೆ. ಅಲ್ಲಿ ಬರಹದ ಸುದ್ದಿಗೆ ಬೆಲೆ ಬರುವುದು ಸಹಜ.

ಮೊದಲ ಸಂಚಿಕೆಯ ಪ್ರಸ್ತಾವನೆಯಿಂದಲೂ ಇದೇ ಅಂಶ ವೇದ್ಯವಾಗುತ್ತದೆ. ಊರಿನ ಜನರಿಗೆ ಸುದ್ದಿ ಕೇಳುವ ಆಸೆ ಬಹಳ. ಕಚೇರಿಯಿಂದ ಯಾರಾದರೂ ಬಂದರೆ ಸುತ್ತುಗಟ್ಟಿ ವಿಚಾರಿಸುತ್ತಾರೆ. ಆದರೆ ಕೇಳಿದ್ದರಲ್ಲಿ ನಿಜವೆಷ್ಟು ಸುಳ್ಳೆಷ್ಟು ಎಂಬುದು ತಿಳಿಯದು ಎಂಬ ಅಭಿಪ್ರಾಯವನ್ನು ಸಂಪಾದಕರು ಅಲ್ಲಿ ಸೂಚಿಸಿದ್ದಾರೆ. ಇದು ಊಹೆಯ ಮಾತಲ್ಲ. ಅವರು ಬಂದ ಕೆಲವೇ ತಿಂಗಳಲ್ಲಿ, ೧೮೩೭ರ ಏಪ್ರಿಲಿನಲ್ಲಿ, ಕೊಡಗು ಸುಳ್ಯಗಳ ಕಡೆಯಿಂದ ಬಂದ ದಂಗೆಯ ಜನರು ಮಂಗಳೂರನ್ನು ಕೆಲವು ದಿನ ವಶದಲ್ಲಿಟ್ಟುಕೊಂಡಿದ್ದರು. ಗಾಳಿಸುದ್ದಿಯ ಬಲವೆಷ್ಟೆಂಬುದನ್ನು ಅರಿಯಲು ಇದಕ್ಕಿಂತ ದೊಡ್ಡ ಪಾಠ ಬೇಕಾಗಿರಲಿಲ್ಲ.

ಪತ್ರಿಕೆಯ ಹಿಂದೆ ಮತಪ್ರಚಾರದ ಉದ್ದೇಶವೂ ಇತ್ತೆಂಬುದನ್ನು ಮರೆಯಬಾರದು. ಸರ್ಕಾರದ ನಿರೂಪಗಳನ್ನು ಪ್ರಕಟಿಸುತ್ತಿದ್ದ ಪತ್ರಿಕೆಯಿಂದ ಸರ್ಕಾರದ ನಿಷ್ಠುರ ವಿಮರ್ಶೆಯನ್ನು ನಿರೀಕ್ಷಿಸುವುದೂ ಸರಿಯಲ್ಲ. ಎರೆಯಪ್ಪನ ಕಲ್ಲು ಎರೆಯಪ್ಪನ ಕಡೆಯ ಮಾತನ್ನೇ ಹೇಳುವಂತೆ, ಪ್ರತಿಯೊಂದು ಪತ್ರಿಕೆಯೂ ತನ್ನನ್ನು ಅಚ್ಚುಹಾಕಿಸಿದವರ ದೃಷ್ಟಿಯನ್ನು ಹೊತ್ತಿರುತ್ತದೆ. ಅದನ್ನು ತಿಳಿದು ಓದುವುದೇ ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ.

೪

ಇನ್ನು ಅಚ್ಚಿನ ವಿಷಯ. ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ್ದು ಮೊಳೆಯ ಅಚ್ಚುಕೂಟವಲ್ಲ, ಕಲ್ಲಚ್ಚಿನ ಕೂಟ. ಜರ್ಮನಿಯ ಸೆನೆಫೆಲ್ಡರನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಈ ವಿಧಾನದ ತತ್ತ್ವ ಸರಳವಾದುದು. ಎಣ್ಣೆಗೂ ನೀರಿಗೂ ಸೇರದು. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಒದ್ದೆಮಾಡಿದರೆ, ಬರೆಹವಿಲ್ಲದ ಕಡೆ ಮಾತ್ರ ನೀರು ನಿಲ್ಲುತ್ತದೆ. ಅನಂತರ ಉರುಳೆಯಿಂದ ಮಸಿ ಹಚ್ಚಿದರೆ ಅದು ಬರೆಹಕ್ಕೆ ಮಾತ್ರ ಹತ್ತುತ್ತದೆ. ಕಾಗದವಿಟ್ಟು ಒತ್ತಿದರೆ ಅಚ್ಚು ಮೂಡುತ್ತದೆ. ಕಲ್ಲಿನ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬೇಕು. ಇಲ್ಲವೆ ವಿಶೇಷವಾದ ಕಾಗದದ ಮೇಲೆ ನೇರವಾಗಿ ಬರೆದು ಅದನ್ನು ಕಲ್ಲಿಗೆ ಇಳಿಸಬೇಕು.

ಗಡಿಯ ಊರಿಗೆ ಈ ವಿಧಾನ ಎರಡು ಕಾರಣಗಳಿಂದ ಹೊಂದಿಕೊಂಡಿತು. ಒಂದು, ಕನ್ನಡ ಮೊಳೆಗಳನ್ನು ಕೊರೆಸಿ ಎರಕಹೊಯ್ಯಿಸುವ ವೆಚ್ಚವಿಲ್ಲ. ಕಾಗುಣಿತದ ರೂಪಗಳೂ ಒತ್ತಕ್ಷರಗಳೂ ಸೇರಿ ಕನ್ನಡಕ್ಕೆ ನೂರಾರು ಬಗೆಯ ಮೊಳೆ ಬೇಕು. ಕಲ್ಲಿಗೆ ಒಬ್ಬ ಒಳ್ಳೆಯ ಬರೆಹಗಾರನಿದ್ದರೆ ಸಾಕು. ಇನ್ನೊಂದು, ಅದೇ ಕಲ್ಲಿನ ಮೇಲೆ ಯಾವ ಲಿಪಿಯನ್ನಾದರೂ ಬರೆಯಬಹುದು. ಇದೇ ಮಿಷನ್ನಿನ ಹರ್ಮನ್ ಗುಂಡರ್ಟರು ೧೮೪೭ರಲ್ಲಿ ತಲಚೇರಿಯ ಬಳಿಯ ಇಲ್ಲಿಕ್ಕುನ್ನಿನಿಂದ ‘ರಾಜ್ಯಸಮಾಚಾರಂ’ ಎಂಬ ಮಲೆಯಾಳ ಪತ್ರಿಕೆಯನ್ನು ಹೊರಡಿಸಿದ್ದೂ ಕಲ್ಲಚ್ಚಿನಲ್ಲಿಯೇ. ಹೀಗಾಗಿ ನೆರೆಹೊರೆಯ ಎರಡು ಭಾಷೆಗಳ ಮೊದಲ ಪತ್ರಿಕೆಗಳು ಒಂದೇ ಕರಾವಳಿಯಲ್ಲಿ, ನಾಲ್ಕು ವರ್ಷಗಳ ಅಂತರದಲ್ಲಿ, ಒಂದೇ ವಿಧಾನದಿಂದ ಹುಟ್ಟಿದುವು.

‘ಮಂಗಳೂರು ಸಮಾಚಾರ’ದ ಪ್ರತಿಕೃತಿಯನ್ನು ನೋಡುವ ಇಂದಿನ ವಾಚಕರಿಗೆ ಮೊದಲು ಎದ್ದುಕಾಣುವುದು ಇದೇ. ಅದು ಅಚ್ಚಾದದ್ದಾದರೂ ಕೈಬರೆಹ. ಓಲೆ, ಕಡತಗಳನ್ನು ಓದಿ ರೂಢಿಯಿದ್ದ ಅಂದಿನ ಜನರಿಗೆ ಇದು ಅಪರಿಚಿತವೆನಿಸಿರಲಾರದು. ಶಾನುಭೋಗನ ಅಕ್ಷರದಂಥ ಅಕ್ಷರವೇ ಏಕಕಾಲಕ್ಕೆ ನೂರಾರು ಮನೆಗಳನ್ನು ಹೊಕ್ಕಿತು.

ಆದರೆ ಬೇಗೂರಿನ ಕಲ್ಲಿಗೂ ಮಂಗಳೂರಿನ ಕಲ್ಲಿಗೂ ಇರುವ ನಿಜವಾದ ಭೇದ ಇಲ್ಲಿಯೇ ಇದೆ. ವೀರಗಲ್ಲಿನ ಬರೆಹ ಉಳಿಯುವುದಕ್ಕಾಗಿ. ಅಚ್ಚಿನ ಕಲ್ಲಿನ ಬರೆಹ ಅಳಿಯುವುದಕ್ಕಾಗಿ. ಒಂದು ಸಂಚಿಕೆ ಮುಗಿದ ಕೂಡಲೆ ಕಲ್ಲನ್ನು ಮರಳು ನೀರುಗಳಿಂದ ಉಜ್ಜಿ ಅಕ್ಷರಗಳನ್ನು ತೆಗೆದುಹಾಕಿ ಮುಂದಿನ ಸಂಚಿಕೆಗೆ ಅಣಿಮಾಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಸುದ್ದಿ ಹೇಳಿದ ಕಲ್ಲು ತಾನು ಹೇಳಿದ್ದನ್ನು ಮರೆತುಬಿಡುತ್ತದೆ. ನೆನಪಿನ ಹೊಣೆ ಕಾಗದಕ್ಕೆ ಸೇರುತ್ತದೆ. ಕಾಗದವನ್ನೋ ಗೆದ್ದಲು, ತೇವ, ಒಲೆಗಳು ಕಾದುಕೊಂಡಿರುತ್ತವೆ.

ಮಂಗಳೂರಿನಲ್ಲಿ ಪತ್ರಿಕೆ ನಡೆದದ್ದು ಎಂಟು ತಿಂಗಳು ಮಾತ್ರ. ೧೮೪೪ನೆಯ ಫೆಬ್ರವರಿ ೧೫ರ ಸಂಚಿಕೆಯೇ ಅಲ್ಲಿನ ಕೊನೆಯದು. ಘಟ್ಟದ ಮೇಲೆಯೂ ಓದುಗರು ದೊರೆತುದರಿಂದ, ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಅದನ್ನು ವರ್ಗಾಯಿಸಿ, ಮಾರ್ಚಿ ೧ರಿಂದ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಊರಿನ ಹೆಸರು ಹೋಗಿ ಭಾಷೆಯ ಹೆಸರು ಬಂದುದು ಸಣ್ಣ ಸಂಗತಿಯಲ್ಲ. ಮದರಾಸು ಸಂಸ್ಥಾನಕ್ಕೆ ಸೇರಿದ ಕರಾವಳಿಯವನೂ ಮೈಸೂರಿನವನೂ ಮುಂಬಯಿ ಸರ್ಕಾರದ ಹುಬ್ಬಳ್ಳಿಯವನೂ ಒಂದೇ ಪತ್ರಿಕೆಯ ಓದುಗರಾಗಬಹುದೆಂಬ ಭಾವನೆ ಅದರಲ್ಲಿ ಅಡಗಿದೆ. ಕರ್ನಾಟಕದ ಏಕೀಕರಣ ನಡೆದದ್ದು ೧೯೫೬ರಲ್ಲಿ. ಅದಕ್ಕೆ ೧೧೨ ವರ್ಷ ಹಿಂದೆ ಈ ಹೆಸರು ಕಾಣಿಸಿಕೊಂಡಿತು. ಬಳ್ಳಾರಿಯೂ ಕನ್ನಡ ತೆಲುಗುಗಳು ಕೂಡುವ ಗಡಿಯೇ ಎಂಬುದನ್ನು ಜ್ಞಾಪಕದಲ್ಲಿಡಬೇಕು. ಮೈಸೂರು ಸಂಸ್ಥಾನದೊಳಗೆ ಭಾಷ್ಯಂ ಭಾಷ್ಯಾಚಾರ್ಯರ ‘ಮೈಸೂರು ವೃತ್ತಾಂತ ಬೋಧಿನಿ’ ಹೊರಟದ್ದು ೧೮೫೯ರಲ್ಲಿ. ಆಮೇಲೂ ಗಡಿಯ ಊರುಗಳು ಸುಮ್ಮನಿರಲಿಲ್ಲ. ೧೯೦೭ರಲ್ಲಿ ಮಂಗಳೂರಿನಲ್ಲಿ ‘ಸ್ವದೇಶಾಭಿಮಾನಿ’, ೧೯೨೯ರಲ್ಲಿ ಬೆಳಗಾವಿಯಲ್ಲಿ ‘ಸಂಯುಕ್ತ ಕರ್ನಾಟಕ’ ಹುಟ್ಟಿದುವು. ಈ ಎರಡನೆಯ ಹೆಸರೇ ಒಂದು ಕಾರ್ಯಕ್ರಮ.

೫

ಕಲ್ಲಚ್ಚಿನ ಅನಂತರ ಬಂದ ಸೀಸದ ಮೊಳೆಯ ಯುಗವೂ ಈಗ ಮುಗಿದಿದೆ. ಆಫ್‌ಸೆಟ್ ಯಂತ್ರ, ಕಂಪ್ಯೂಟರುಗಳು ಬಂದ ಮೇಲೆ ಊರೂರಿನ ಸಣ್ಣ ಅಚ್ಚುಕೂಟಗಳು ಮುಚ್ಚಿಹೋದುವು. ಮೊಳೆ ಜೋಡಿಸುವ ಕೆಲಸದಲ್ಲಿ ಜೀವಮಾನ ಕಳೆದ ಹಿರಿಯರೊಬ್ಬರು ಬೇಗೂರಿನಲ್ಲಿ ವಾಸವಾಗಿದ್ದಾರೆಂದು ಮೇಲೆ ಹೇಳಿದ ವಿದ್ಯಾರ್ಥಿಯಿಂದ ತಿಳಿದು ಅವರನ್ನು ಕಂಡೆವು. ಕೇಸಿನ ಮನೆಗಳು ಎಷ್ಟು, ಯಾವ ಅಕ್ಷರ ಎಲ್ಲಿರುತ್ತಿತ್ತು ಎಂದು ಕೇಳಿದಾಗ ಅವರು ಬಾಯಲ್ಲಿ ಹೇಳಲಿಲ್ಲ. ಬರಿಗಾಳಿಯಲ್ಲಿ ಕೈ ಆಡಿಸಿ ತೋರಿಸಿದರು. “ಮೇಷ್ಟ್ರೇ, ಕಣ್ಣು ಪ್ರತಿಯ ಮೇಲಿರಬೇಕು, ಕೈ ತಾನಾಗಿ ಮನೆ ಹುಡುಕಬೇಕು” ಎಂದರು. ಒತ್ತಿಗೆ ಬೇರೆ ಮನೆ, ದೀರ್ಘಕ್ಕೆ ಬೇರೆ ಮನೆ. ಅಚ್ಚಾದ ಮೇಲೆ ಅಷ್ಟನ್ನೂ ಬಿಚ್ಚಿ ತಿರುಗಿ ಅವುಗಳ ಮನೆಗೆ ಹಾಕಬೇಕು. ತಾವು ದುಡಿಯುತ್ತಿದ್ದ ಅಚ್ಚುಕೂಟ ಮುಚ್ಚಿದಾಗ ಮೊಳೆಗಳನ್ನು ಸೀಸದ ತೂಕಕ್ಕೆ ಮಾರಿದರೆಂದೂ, ತಾವು ಹಿಡಿಯುತ್ತಿದ್ದ ಜೋಡಣೆಯ ಸ್ಟಿಕ್ಕನ್ನು ಮಾತ್ರ ಕೇಳಿ ಪಡೆದುಕೊಂಡೆವೆಂದೂ ತಿಳಿಸಿದರು. ಅದನ್ನು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಕೆಳಗೆ ಇಟ್ಟಿದ್ದರು. ಆ ಕೈಗಳಿಗೆ ತಿಳಿದಿರುವ ವಿದ್ಯೆಯನ್ನು ಬರೆದಿಟ್ಟ ಪುಸ್ತಕ ನಮ್ಮ ಗ್ರಂಥಭಂಡಾರದಲ್ಲಿ ಒಂದೂ ಇಲ್ಲ.

ಪತ್ರಿಕೆಗಳ ಗತಿಯೂ ಇದಕ್ಕಿಂತ ಉತ್ತಮವಲ್ಲ. ಎಂ. ಎ. ಪದವಿಗಾಗಿ ಪ್ರೌಢಪ್ರಬಂಧವನ್ನು ಸಿದ್ಧಪಡಿಸುತ್ತಿದ್ದಾಗ, ಒಂದು ವಿದ್ಯಾಸಂಸ್ಥೆಯ ಪುಸ್ತಕಭಂಡಾರದಲ್ಲಿ ಏಕೀಕರಣಪೂರ್ವದ ಪತ್ರಿಕೆಗಳ ರಟ್ಟುಕಟ್ಟಿದ ಸಂಪುಟಗಳನ್ನು ಕಂಡು, ಬೇಸಗೆಯ ರಜೆಯ ಬಳಿಕ ಓದುವೆನೆಂದು ಗುರುತುಮಾಡಿಕೊಂಡು ಬಂದಿದ್ದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಗಡಿಯ ಊರುಗಳ ಜನ ಏನೆಂದರು ಎಂಬುದು ನನ್ನ ಅಧ್ಯಯನದ ಒಂದು ಅಧ್ಯಾಯ. ಜೂನಿನಲ್ಲಿ ಹೋಗಿ ನೋಡಿದರೆ ಆ ಕಪಾಟು ಬರಿದಾಗಿತ್ತು. ಸ್ಥಳ ಸಾಲದೆಂದು ಹಳೆಯ ಕಾಗದದ ವ್ಯಾಪಾರಿಗೆ ತೂಗಿ ಕೊಟ್ಟಿದ್ದರು. ಯಾರಿಗೂ ದುರುದ್ದೇಶವಿರಲಿಲ್ಲ, ನಿನ್ನೆಯ ಪತ್ರಿಕೆ ರದ್ದಿ ಎಂಬ ಲೋಕರೂಢಿಯನ್ನು ಅನುಸರಿಸಿದರು, ಅಷ್ಟೆ. ರಜೆಗೆ ಮುಂಚೆಯೇ ಓದದಿದ್ದ ತಪ್ಪು ನನ್ನದು. ಸರ್ಕಾರದ ಆಜ್ಞೆಗಳೂ ಆಯೋಗದ ವರದಿಯೂ ಉಳಿದಿದ್ದುದರಿಂದ ಆ ಅಧ್ಯಾಯವನ್ನು ಬರೆಯಲು ಸಾಧ್ಯವಾಯಿತು. ಆದರೆ ಅದರಲ್ಲಿ ಆಳುವವರ ಮಾತು ಇದೆ, ಊರ ವರ್ತಮಾನವಿಲ್ಲ.

ಹೊರನಾಡುಗಳಲ್ಲಿ ಇಂಥ ವಸ್ತುಗಳನ್ನು ಹೇಗೆ ಕಾಪಾಡಿದ್ದಾರೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರವು ಪ್ಲಾಂಟಿನ್–ಮೊರೆಟಸ್ ಮನೆತನದ ಅಚ್ಚುಕೂಟವನ್ನು ಯಂತ್ರ, ಮೊಳೆ, ಲೆಕ್ಕಪತ್ರಗಳೊಡನೆ ಕೊಂಡು, ೧೮೭೭ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ನಮ್ಮ ಕೆಂಪು ಕಟ್ಟಡ ಏರ್ಪಟ್ಟ ವರ್ಷವೇ ಅದು. ಇದು ಸಿರಿವಂತ ನಗರದ ಕಥೆಯೆನ್ನುವವರು ಅಮೆರಿಕದ ಅರಿಜೋನಾ ಸೀಮೆಯ ಟುಬಾಕನ್ನು ನೋಡಬಹುದು. ಮೆಕ್ಸಿಕೋ ಗಡಿಗೆ ಸಮೀಪದ ಆ ಸಣ್ಣ ಊರಿನಲ್ಲಿ ೧೮೫೯ರಲ್ಲಿ ‘ವೀಕ್ಲಿ ಅರಿಜೋನಿಯನ್’ ಎಂಬ, ಆ ಸೀಮೆಯ ಮೊದಲ ಪತ್ರಿಕೆ ಹೊರಟಿತು. ಅದನ್ನು ಅಚ್ಚುಹಾಕಿದ ಕೈಯಂತ್ರ ಇಂದಿಗೂ ಅದೇ ಊರಿನ ಸಂಗ್ರಹಾಲಯದಲ್ಲಿದೆ. ಪತ್ರಿಕೆಯ ಸಂಗ್ರಹಾಲಯವೆಂದರೆ ಸಂಚಿಕೆಗಳನ್ನು ಗಾಜಿನ ಕೆಳಗೆ ಇಡುವುದಷ್ಟೇ ಅಲ್ಲ, ಅದನ್ನು ಮಾಡಿದ ಉಪಕರಣವನ್ನೂ ಕೈಕೆಲಸವನ್ನೂ ಕಾಣಿಸಬೇಕೆಂಬ ತತ್ತ್ವ ಇವೆರಡರಿಂದಲೂ ಸ್ಪಷ್ಟವಾಗುತ್ತದೆ.

ನಮ್ಮಲ್ಲಿ ಏನೂ ನಡೆದಿಲ್ಲವೆಂದಲ್ಲ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಭಂಡಾರವು ಬಾಸೆಲ್ ಮಿಷನ್ನಿನ ಮುದ್ರಣಗಳನ್ನು ಜತನಮಾಡಿದೆ. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಅಚ್ಚಾದದ್ದು ಆ ಮಿಷನ್ನಿನ ಮಂಗಳೂರು ಅಚ್ಚುಕೂಟದಲ್ಲಿಯೇ. ಶಾಸನಗಳ ವಿಷಯದಲ್ಲಿ ನಮ್ಮ ಹಿರಿಯರು ಮಾಡಿದ ಕೆಲಸ ಇನ್ನೂ ದೊಡ್ಡದು. ರೈಸ್, ಫ್ಲೀಟ್, ಆರ್. ನರಸಿಂಹಾಚಾರ್ಯ ಮೊದಲಾದವರು ಹೊಲ, ಕೆರೆಯೇರಿ, ಗುಡಿಯ ಅಂಗಳಗಳಲ್ಲಿ ಅಲೆದು ಪ್ರತಿಯೆತ್ತದಿದ್ದರೆ, ಬೆಂಗಳೂರಿನ ಕಾಳಗದಲ್ಲಿ ಮಡಿದವನ ಸುದ್ದಿ ನಮಗೆ ತಲಪುತ್ತಿರಲಿಲ್ಲ. ಈಚೆಗೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಡಿಜಿಟಲ್ ಪ್ರತಿಗಳಾಗಿ ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿದ್ದಾರೆ. ಕಲ್ಲಿಗೆ ದೊರೆತ ಈ ಆರೈಕೆಯಲ್ಲಿ ಅರ್ಧವಾದರೂ ಕಾಗದಕ್ಕೂ ಮೊಳೆಗೂ ದೊರೆಯಬೇಡವೇ?

೬

ಆದಕಾರಣ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರವನ್ನು ಹೀಗೆ ಹೇಳಬಹುದು. ಬೇಗೂರಿನ ಕಲ್ಲು ಪತ್ರಿಕೆಯಲ್ಲ. ಅದು ವಾರ್ತೆಯನ್ನು ಉಳಿಸಿತು, ಹರಡಲಿಲ್ಲ. ಮಂಗಳೂರಿನ ಕಲ್ಲು ವಾರ್ತೆಯನ್ನು ಹರಡಿತು, ಉಳಿಸಲಿಲ್ಲ. ಎರಡು ಕೆಲಸವನ್ನೂ ಒಂದೇ ವಸ್ತು ಮಾಡಲಾರದು. ಹರಡಿದ್ದನ್ನು ಆಯ್ದು ಉಳಿಸುವ ಭಾರ ಸಂಗ್ರಹಾಲಯದ ಮೇಲೆ, ಅದಿಲ್ಲದ ಕಡೆ ಇತಿಹಾಸದ ಅಧ್ಯಾಪಕರ ಮೇಲೆ ಬೀಳುತ್ತದೆ.

ದೊಡ್ಡ ಸಂಗ್ರಹಾಲಯವನ್ನು ಕಟ್ಟುವುದು ನಮ್ಮ ವಿಭಾಗದ ಶಕ್ತಿಗೆ ಮೀರಿದ್ದು. ನಮ್ಮ ಕೈಲಾಗುವುದು ಮೂರು. ಮೊದಲನೆಯದು, ಮೊಳೆ ಜೋಡಿಸಿದವರು, ಕರಡು ತಿದ್ದಿದವರು, ಯಂತ್ರ ನಡೆಸಿದವರು ಬದುಕಿರುವಾಗಲೇ ಅವರ ಮಾತನ್ನೂ ಕೈಚಳಕವನ್ನೂ ದಾಖಲೆಮಾಡಿಕೊಳ್ಳುವುದು. ಎರಡನೆಯದು, ಮನೆಗಳ ಅಟ್ಟದ ಮೇಲೂ ಶಾಲೆಗಳ ಉಗ್ರಾಣದಲ್ಲೂ ಉಳಿದಿರುವ ಹಳೆಯ ಸಂಚಿಕೆಗಳ ಪಟ್ಟಿಯನ್ನು ವಿದ್ಯಾರ್ಥಿಗಳಿಂದ ಮಾಡಿಸುವುದು. ಕೊಂಡುತರಲು ಹಣವಿಲ್ಲದಿದ್ದರೂ ಎಲ್ಲಿ ಏನಿದೆಯೆಂಬುದು ತಿಳಿದಿದ್ದರೆ ರದ್ದಿಗೆ ಹೋಗುವುದನ್ನು ತಡೆಯಬಹುದು. ಮೂರನೆಯದು, ಒಂದು ಕೇಸು, ಒಂದಿಷ್ಟು ಮೊಳೆ, ಒಂದು ಟ್ರೆಡಲ್ ಯಂತ್ರ ದೊರೆತರೆ, ನಮ್ಮ ತರಗತಿಯ ಮೂಲೆಯಲ್ಲಾದರೂ ಇಟ್ಟು ವರ್ಷಕ್ಕೊಂದು ಪುಟವನ್ನು ಕೈಯಿಂದ ಜೋಡಿಸಿ ಅಚ್ಚುಹಾಕುವುದು.

ಮೊದಲ ಎರಡು ಕೆಲಸಗಳನ್ನು ಬೇಗೂರಿನಿಂದಲೇ ಆರಂಭಿಸಿದ್ದೇವೆ. ಮೇಲೆ ಹೇಳಿದ ಹಿರಿಯರು ತಮ್ಮ ಸ್ಟಿಕ್ಕನ್ನು ಕೊಡಲು ಒಪ್ಪಿಲ್ಲ, ನಾವೂ ಒತ್ತಾಯಪಡಿಸಲಿಲ್ಲ. ಆದರೆ ಭಾನುವಾರಗಳಲ್ಲಿ ಇ���್ಬರು ವಿದ್ಯಾರ್ಥಿಗಳಿಗೆ ಮೊಳೆಯ ಮನೆಗಳ ನಕ್ಷೆಯನ್ನು ನೆನಪಿನಿಂದ ಬರೆಸುತ್ತಿದ್ದಾರೆ. ಕಾಗುಣಿತದ ಭಾಗ ಮುಗಿದಿದೆ. ಒತ್ತಕ್ಷರಗಳು ಇನ್ನೂ ಉಳಿದಿವೆ.